ಮುಯ್ಯಿ ಕವರಿನಲ್ಲಿ ಹೋದ ಅಮೆರಿಕದ ಡೈಮು

ಫೆಬ್ರುವರಿ 2, ಭಾನುವಾರ, ಬೆಳಗ್ಗೆ ಹತ್ತು ಗಂಟೆ ಹದಿನೇಳು ನಿಮಿಷ. ನಾನು ನಾಣ್ಯತಜ್ಞೆಯಾದ ಶುಭ ಮುಹೂರ್ತ ಇದು. ಹತ್ತು ಹದಿನಾರರವರೆಗೆ ನಾಣ್ಯಗಳ ಬಗ್ಗೆ ನನಗೆ ಏನೇನೂ ಗೊತ್ತಿರಲಿಲ್ಲ. ಹದಿನೇಳಕ್ಕೆ ನಾಗರಾಜ ಮಾವ ಒಂದು ಹಳೆಯ ಬಿಸ್ಕತ್ತಿನ ಡಬ್ಬಿಯನ್ನು ತಂದು ನಮ್ಮ ಊಟದ ಟೇಬಲ್ ಮೇಲೆ ಬೋರಲು ಹಾಕಿದರು. ಝಲ್ಲೆಂದು ನಾಣ್ಯಗಳು ಸುರಿದವು. ಮೂರು ಉರುಳಿ ಫ್ರಿಜ್ಜಿನ ಕೆಳಗೆ ಹೋದವು. ಅವನ್ನು ಕಡ್ಡಿ ಪೊರಕೆಯಿಂದ ಹೊರಗೆಳೆಯುವಷ್ಟರಲ್ಲಿ ನಾನು ತಜ್ಞೆಯಾಗಿದ್ದೆ!

ನಾಗರಾಜ ಮಾವ ಅಮ್ಮನ ತಮ್ಮ. ಅಮೆರಿಕದ ಬಂದರುಗಳಿಂದ ಹೊರಡುವ ಪ್ರವಾಸಿ ಹಡಗೊಂದರ ಅಡುಗೆಮನೆಯಲ್ಲಿ ಹನ್ನೊಂದು ವರ್ಷ ಸಿಹಿತಿಂಡಿ ಮಾಡಿದವರು. ಈಗ ದಾವಣಗೆರೆಯ ಕೆ.ಬಿ. ಬಡಾವಣೆಯಲ್ಲಿ, ನಮ್ಮಿಂದ ನಾಲ್ಕನೇ ಮನೆಯಲ್ಲಿ, ಅದೇ ಸಿಹಿತಿಂಡಿ ತಿಂದುಕೊಂಡು ಆರಾಮಾಗಿದ್ದಾರೆ.

"ತಗೋ ಗಿರ್ಜಿ, ಇವಕ್ಕೆ ಡೈಮು ಅಂತಾರೆ. ಹತ್ತು ಸೇರಿದ್ರೆ ಒಂದು ಡಾಲರ್. ನೋಟಾದ್ರೆ ಬ್ಯಾಂಕಿನೋರು ತಗೋತಾರೆ, ಚಿಲ್ಲರೆ ಮುಟ್ಟಂಗಿಲ್ಲ ಅಂತಾರೆ. ಹನ್ನೊಂದು ವರ್ಷ ಒಲೆ ಪಕ್ಕದಾಗ ಇಟ್ಟಿದ್ದ ಡಬ್ಬಿ, ಹಂಗೇ ಹೊತ್ಕೊಂಡು ಬಂದೆ. ನಿಂಗೆ ಎಣಿಸೋ ಚಟ ಐತಲ್ಲ, ಎಣಿಸ್ಕೋ."

ಚಟ ಎಂಬ ಪದವನ್ನು ನಾನು ಒಪ್ಪುವುದಿಲ್ಲ. ಅದು ಕ್ರಮ. ನಾನು ಒಂದು ರಕ್ತಪರೀಕ್ಷಾ ಕೇಂದ್ರದಲ್ಲಿ ಟೆಕ್ನಿಷಿಯನ್. ಹೆಸರು, ದಿನಾಂಕ, ಹೊತ್ತು ಬರೆಯದ ಯಾವ ಬಾಟಲಿಯೂ ಇದುವರೆಗೆ ನನ್ನ ಕೈ ದಾಟಿಲ್ಲ. ಮನೆಯಲ್ಲೂ ಅಷ್ಟೇ. ಹಾಲು ಉಕ್ಕಿದ ದಿನಗಳು, ಕರೆಂಟು ಹೋದ ಹೊತ್ತುಗಳು, ಅಮ್ಮ ನನ್ನನ್ನು ಬೈದ ಸಲಗಳು ಎಲ್ಲವೂ ನನ್ನ ಡೈರಿಯಲ್ಲಿವೆ.

ಎಣಿಸಿದೆ. ಮೊದಲ ಸಲ 436. ಎರಡನೇ ಸಲ 438. ಮೂರನೇ ಸಲ 437. ನಾಲ್ಕನೇ ಸಲವೂ 437 ಬಂದದ್ದರಿಂದ ಬಹುಮತದಿಂದ ಅದನ್ನೇ ಅಂಗೀಕರಿಸಲಾಯಿತು.

ಡೈಮು ನಮ್ಮ ಒಂದು ರೂಪಾಯಿಗಿಂತ ಸಣ್ಣ ನಾಣ್ಯ. ಒಂದು ಮುಖದಲ್ಲಿ ಅಮೆರಿಕದ ಹಳೆಯ ಅಧ್ಯಕ್ಷರೊಬ್ಬರು ಎಡಕ್ಕೆ ತಿರುಗಿಕೊಂಡಿದ್ದಾರೆ. ಇನ್ನೊಂದು ಮುಖದಲ್ಲಿ ಎರಡು ರೆಂಬೆಗಳ ನಡುವೆ ಒಂದು ಪಂಜು. ಅಧ್ಯಕ್ಷರ ಕುತ್ತಿಗೆಯ ಹಿಂದೆ ಇಸವಿ ಇರುತ್ತದೆ. ಇಸವಿಯ ತಲೆಯ ಮೇಲೆ, ಸಾಸಿವೆ ಕಾಳಿನಷ್ಟು, ಒಂದು ಅಕ್ಷರ. ಪಿ ಇದ್ದರೆ ಫಿಲಡೆಲ್ಫಿಯಾದ ಟಂಕಸಾಲೆಯದು, ಡಿ ಇದ್ದರೆ ಡೆನ್ವರಿನದು. ಇದನ್ನು ಫೋನಿನಲ್ಲಿ ಓದುತ್ತಿದ್ದಾಗ ಇನ್ನೊಂದು ಸಾಲು ಕಣ್ಣಿಗೆ ಬಿತ್ತು: ಪಿ ಇಲ್ಲದ ಡೈಮು ಬಲು ಅಪರೂಪ, ಸಂಗ್ರಾಹಕರು ಅದಕ್ಕಾಗಿ ಹುಡುಕುತ್ತಾರೆ. ಸಾಲು ಮುಂದಿನ ಪುಟಕ್ಕೂ ಹೋಗಿತ್ತು. ನಾನು ಹೋಗಲಿಲ್ಲ.

ಫೆಬ್ರುವರಿ 5ರ ಸಂಜೆಯ ಲೆಕ್ಕ ಹೀಗಿತ್ತು. ಪಿ ಇರುವವು 198. ಡಿ ಇರುವವು 201. ಯಾವ ಅಕ್ಷರವೂ ಇಲ್ಲದವು 38.

ಮೂವತ್ತೆಂಟು! ಅಡುಗೆಮನೆಗೆ ಓಡಿದೆ.

"ಅಮ್ಮಾ, ನಮ್ಮ ಮನೆಯಲ್ಲಿ ಮೂವತ್ತೆಂಟು ಅಪರೂಪದ ನಾಣ್ಯ ಇವೆ!"

ಅಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಅಪರೂಪ ಅಂದ್ರೆ ಒಂದೋ ಎರಡೋ ಇರ್ತಾವೆ ಕಣೆ. ಮೂವತ್ತೆಂಟು ಇದ್ರೆ ಅದಕ್ಕೆ ಸಂತೆ ಅಂತಾರೆ."

ಅಮ್ಮನಿಗೆ ನಾಣ್ಯಶಾಸ್ತ್ರ ಗೊತ್ತಿಲ್ಲವೆಂದು ಕ್ಷಮಿಸಿದೆ.

ಆದರೆ ತಜ್ಞರ ಮುದ್ರೆ ಬೇಕಲ್ಲ. ಹರಿಹರದಲ್ಲಿ ಕೊಟ್ರೇಶಪ್ಪ ಎನ್ನುವವರಿದ್ದಾರೆಂದು ಮಾವ ಹೇಳಿದರು. ಕಾರ್ಖಾನೆಯಲ್ಲಿ ಲೇತ್ ಮಷೀನು ನಡೆಸಿ ನಿವೃತ್ತರಾದವರು. ಅವರ ಜಗಲಿಯಲ್ಲಿ ಭಾನುವಾರ ಭಾನುವಾರ ಏಳು ಜನ ನಾಣ್ಯ ಸಂಗ್ರಾಹಕರು ಸೇರುತ್ತಾರೆ. ಫೆಬ್ರುವರಿ 9, ಭಾನುವಾರ, ಬೆಳಗ್ಗೆ ಒಂಬತ್ತೂವರೆಯ ಬಸ್ಸಿಗೆ ಹೊರಟೆ. ಪ್ರಯೋಗಾಲಯದ ಪದ್ಧತಿಯಂತೆ ಮೂವತ್ತೆಂಟರಲ್ಲಿ ಹತ್ತನ್ನು ಮಾದರಿಯಾಗಿ ಆರಿಸಿ ಕರವಸ್ತ್ರದಲ್ಲಿ ಕಟ್ಟಿಕೊಂಡಿದ್ದೆ.

"ಬರ್ರಿ, ಬರ್ರಿ. ಕೂಡ್ರಿ. ಡೈಮು ತಂದೀರಂತೆ" ಎಂದು ಕೊಟ್ರೇಶಪ್ಪನವರು ಕುರ್ಚಿ ಹಾಕಿದರು. ಮಷೀನಿನ ಬಿಡಿಭಾಗ ಅಳೆಯುವ ವರ್ನಿಯರ್ ತೆಗೆದು ಒಂದೊಂದೇ ನಾಣ್ಯವನ್ನು ಅಳೆದರು. "ಹದಿನೇಳು ಪಾಯಿಂಟ್ ಒಂಬತ್ತು ಮಿಲಿಮೀಟರ್. ಹದಿನೇಳು ಪಾಯಿಂಟ್ ಒಂಬತ್ತು. ಹದಿನೇಳು ಪಾಯಿಂಟ್ ಒಂಬತ್ತು." ಪ್ರತಿ ಸಲವೂ ಅವರಿಗೆ ಹೊಸದಾಗಿ ಸಂತೋಷವಾಗುತ್ತಿತ್ತು.

ನಾನು ತಡೆಯಲಾರದೆ ಹೇಳಿದೆ, "ಇವುಗಳಲ್ಲಿ ಪಿ ಇಲ್ಲ ಸರ್!"

"ಹೌದು, ಇಲ್ಲ."

"ಒಂದರಲ್ಲೂ ಇಲ್ಲ ಸರ್!"

"ಒಂದರಾಗೂ ಇಲ್ಲ. 1980ಕ್ಕಿಂತ ಮುಂಚೆ ಡೈಮಿಗೆ ಪಿ ಹಾಕ್ತಾನೇ ಇರಲಿಲ್ಲ ನೋಡವ್ವಾ. ಇವೆಲ್ಲ ಎಪ್ಪತ್ತರ ಈಚೀಚಿನವು. ಇಸವಿ ಬರಕೊಂಡಿಲ್ಲೇನು?"

"ಅಕ್ಷರ ಬರೆದುಕೊಂಡಿದ್ದೇನೆ ಸರ್."

"ಹುಟ್ಟಿದ ಇಸವಿ ಬಿಟ್ಟು ಜಾತಕ ಬರೆದಂಗಾತು!"

ಜಗಲಿಯ ಮೇಲಿದ್ದ ಉಳಿದ ಆರು ಜನರೂ ನಕ್ಕರು. ಡೈರಿಯಲ್ಲಿ ಬರೆದುಕೊಂಡೆ: ನಕ್ಕವರು, ಆರು.

ನನ್ನ ಮುಖ ನೋಡಿ ಕೊಟ್ರೇಶಪ್ಪನವರಿಗೆ ಪಾಪ ಎನಿಸಿರಬೇಕು. ಚಹಾ ತರಿಸಿದರು. ನಾನು ಓದದೆ ಬಿಟ್ಟ ಮುಂದಿನ ಪುಟದಲ್ಲಿ ಏನಿತ್ತೆಂದು ಅವರೇ ಹೇಳಿದರು. 1980ರಿಂದ ಫಿಲಡೆಲ್ಫಿಯಾದ ಎಲ್ಲ ಡೈಮಿಗೂ ಪಿ ಇದೆ. 1982ರಲ್ಲಿ ಮಾತ್ರ ಯಾರೋ ಒಬ್ಬ ಪುಣ್ಯಾತ್ಮ ಅಚ್ಚಿಗೆ ಪಿ ಹೊಡೆಯುವುದನ್ನೇ ಮರೆತ. ಆ ಅಚ್ಚಿನಿಂದ ಬಂದ ಡೈಮುಗಳು ಊರೆಲ್ಲ ಹರಡಿಬಿಟ್ಟವು. ಸಂಗ್ರಾಹಕರು ಹುಡುಕುವುದು ಅದನ್ನೇ.

"ನಮ್ಮ ಏಳು ಮಂದ್ಯಾಗ ಒಬ್ಬರ ಹತ್ರಾನೂ ಅದಿಲ್ಲ. ಇಪ್ಪತ್ಮೂರನೇ ತಾರೀಕು ಇಲ್ಲೇ ಶಾಲೆ ಹಾಲ್‌ನಾಗ ನಮ್ಮ ಪ್ರದರ್ಶನ ಐತೆ. ಹೊಸಬರು ಮೂರು ವರ್ಷ ನಮ್ಮ ಜೊತೆ ಕೂತು ಕಲಿಯೋತನಕ ಗಾಜಿನ ಪೆಟ್ಟಿಗೆ ಕೊಡಲ್ಲ, ಅದು ನಮ್ಮ ಕಾನೂನು. ಆದ್ರ ನಿಮ್ಮ ಡಬ್ಬ್ಯಾಗ ಅದು ಸಿಕ್ತು ಅಂದ್ರ, ಒಂದು ಪೆಟ್ಟಿಗೆ ನಿಮಗೇ. ಹೆಸರಿನ ಕಾರ್ಡು ಸಮೇತ!"

ಗಾಜಿನ ಪೆಟ್ಟಿಗೆ! ಹೆಸರಿನ ಕಾರ್ಡು! ಆ ಕ್ಷಣದಿಂದ ನನಗೆ ಬದುಕಿನಲ್ಲಿ ಬೇರೇನೂ ಬೇಡವಾಯಿತು. ಈಗಷ್ಟೇ ನಕ್ಕ ಆರು ಜನ ಬಗ್ಗಿ, ಕನ್ನಡಕ ಸರಿಮಾಡಿಕೊಂಡು, ಕಾರ್ಡಿನ ಮೇಲೆ ನನ್ನ ಹೆಸರನ್ನು ಓದಬೇಕು. ಅಷ್ಟೇ.

ಹೊರಡುವಾಗ ಅವರು ಮೂರು ನಿಯಮ ಹೇಳಿದರು. ನಾಣ್ಯವನ್ನು ಅಂಚಿನಲ್ಲಿ ಮಾತ್ರ ಹಿಡಿಯಬೇಕು. ಒಂದೊಂದನ್ನೂ ಪ್ರತ್ಯೇಕ ಕವರಿನಲ್ಲಿಡಬೇಕು. ಮೂರನೆಯದನ್ನು ಬೆರಳೆತ್ತಿ ಹೇಳಿದರು: "ಏನಾದ್ರೂ ಆಗ್ಲಿ, ತೊಳಿಬ್ಯಾಡ್ರಿ. ನಾಣ್ಯಕ್ಕೆ ಎಪ್ಪತ್ತಕ್ಕೆ ಇಷ್ಟು ಅಂತ ಮಾರ್ಕ್ಸ್ ಕೊಡ್ತಾರೆ. ತೊಳೆದದ್ದಕ್ಕೆ ಮಾರ್ಕ್ಸೇ ಇಲ್ಲ."

ತೊಳೆಯಬಾರದು ಎಂಬುದರ ಕೆಳಗೆ ಮೂರು ಗೆರೆ ಎಳೆದೆ.

ಮನೆಯಲ್ಲಿ ಇಪ್ಪತ್ತೆಂಟು ನಾಣ್ಯ ಉಳಿದಿದ್ದವು. ಗಡಿಯಾರ ರಿಪೇರಿಯವರ ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿಯನ್ನು ಎರವಲು ತಂದೆ. ಒಂದೊಂದಕ್ಕೂ ಒಂದು ಪುಟ. ಸೋಮವಾರ ಹದಿನಾಲ್ಕು ಮುಗಿದವು. ಎಲ್ಲ ಎಪ್ಪತ್ತರ ಸಂತೆ. ಫೆಬ್ರುವರಿ 11, ಮಂಗಳವಾರ, ಸಂಜೆ ಏಳು ಗಂಟೆ ನಲವತ್ತು ನಿಮಿಷಕ್ಕೆ ಇಪ್ಪತ್ತಮೂರನೇ ನಾಣ್ಯವನ್ನು ಭೂತಗನ್ನಡಿಯ ಕೆಳಗೆ ಹಿಡಿದೆ.

1982. ಮೇಲೆ ಅಕ್ಷರ ಇಲ್ಲ.

"ಅಮ್ಮಾ!!!"

ಅಮ್ಮ ಪೊರಕೆ ಹಿಡಿದು ಓಡಿಬಂದರು. "ಎಲ್ಲೈತೆ ಹಲ್ಲಿ?"

"ಹಲ್ಲಿ ಅಲ್ಲಮ್ಮ, ಎಂಬತ್ತೆರಡು!"

"ಎಂಬತ್ತೆರಡು ಹಲ್ಲಿನಾ!?"

ಸಮಾಧಾನ ಮಾಡಿಕೊಂಡು, ಕೈ ತೊಳೆದು, ಒರೆಸಿ, ಆ ನಾಣ್ಯದ ಪುಟ ಬರೆದೆ. ಅದನ್ನು ಇಲ್ಲಿ ಯಥಾವತ್ ಕೊಡುತ್ತಿದ್ದೇನೆ. "ಇಸವಿ: 1982. ಅಕ್ಷರ: ಇಲ್ಲ. ಪಂಜಿನ ಮೇಲಿನ ಅಡ್ಡಪಟ್ಟಿಗಳು: ಬಿಡಿಬಿಡಿಯಾಗಿ ಸ್ಪಷ್ಟ. ಹೊಳಪು: ಉತ್ತಮ. ಗೀರು: ಕೆನ್ನೆಯ ಮೇಲೆ ಒಂದು, ಸಣ್ಣದು. ಬಣ್ಣ: ಬೆಳ್ಳಗೆ, ಕುತ್ತಿಗೆಯ ಹಿಂದೆ ಮಾತ್ರ ವಯಸ್ಸಿನಿಂದ ಬಂದ ಸಹಜವಾದ ಕಂದು ಛಾಯೆ. ಈ ಛಾಯೆ ನಾಣ್ಯದ ಸೌಂದರ್ಯವನ್ನು ಹೆಚ್ಚಿಸುತ್ತದೆ. ಅಂಕ: ಎಪ್ಪತ್ತಕ್ಕೆ ಅರವತ್ತಾರು."

ಅಮ್ಮ ಹೆಗಲ ಮೇಲಿಂದ ಇಣುಕಿ ಓದಿದರು. "ಎಪ್ಪತ್ತಕ್ಕೆ ಅರವತ್ತಾರಾ? ಪರವಾಗಿಲ್ಲ, ನಿನ್ನ ಎಸ್ಸೆಸ್ಸೆಲ್ಸಿ ಗಣಿತಕ್ಕಿಂತ ಎಷ್ಟೋ ಮೇಲು."

ಕೊಟ್ರೇಶಪ್ಪನವರಿಗೆ ಫೋನು ಮಾಡಿದೆ. ಫೋಟೋ ಕಳಿಸಲೇ ಎಂದು ಕೇಳಿದೆ. "ಫೋಟೋದಾಗ ಇದೆಲ್ಲ ತಿಳಿಯಂಗಿಲ್ಲವ್ವಾ. ಇಪ್ಪತ್ಮೂರಕ್ಕೆ ಬೆಳಿಗ್ಗೆ ಒಂಬತ್ತಕ್ಕೆ ತರ್ರಿ. ನನ್ನ ಕಣ್ಣಾರೆ ನೋಡಿ ಪೆಟ್ಟಿಗೆಯಾಗ ಇಡ್ತೀನಿ. ಅಲ್ಲೀತನಕ ಜೋಪಾನ!" ಎಂದರು ಅವರು.

ಜೋಪಾನ! ಆ ಪದವೇ ನನ್ನನ್ನು ಕೆಡಿಸಿದ್ದು.

ನಾಣ್ಯಕ್ಕಾಗಿಯೇ ಮಾಡಿದ ಕವರು ದಾವಣಗೆರೆಯ ಆರು ಅಂಗಡಿಗಳಲ್ಲಿ ಸಿಗಲಿಲ್ಲ. ಏಳನೇ ಅಂಗಡಿಯಲ್ಲಿ, ಫೆಬ್ರುವರಿ 12ರ ಮಧ್ಯಾಹ್ನ, ಗೋಡೆಗೆ ತೂಗುಹಾಕಿದ್ದ ಒಂದು ಕಟ್ಟು ನೋಡಿ ನನಗೆ ಜ್ಞಾನೋದಯವಾಯಿತು. ಮುಯ್ಯಿ ಕವರು! ಮದುವೆಗೆ ಹೋದವರು ನೋಟು ಹಾಕಿ ಕೊಡುತ್ತಾರಲ್ಲ, ಅದೇ. ನೂರೊಂದು, ಐನೂರೊಂದು ಆಗಲೆಂದು ಅದರ ಹಣೆಯ ಮೇಲೆ ಮೊದಲೇ ಒಂದು ರೂಪಾಯಿಯ ನಾಣ್ಯ ಅಂಟಿಸಿರುತ್ತಾರೆ. ನಾಣ್ಯ ಕೂರಲು ದುಂಡಗೆ ಜಾಗ ಇದೆ, ದಪ್ಪ ಕಾಗದ, ಮೇಲೆ ಗಣಪತಿಯ ಕಾವಲು ಬೇರೆ. ಇದಕ್ಕಿಂತ ಏನು ಬೇಕು?

"ಹನ್ನೆರಡು ಕೊಡಿ" ಎಂದೆ.

"ಹನ್ನೆರಡು ಮದುವೆ ಐತೇನ್ರಿ?" ಎಂದು ಅಂಗಡಿಯವರು ಗಾಬರಿಯಾದರು.

ಒಂದೊಂದು ಕವರಿನ ರೂಪಾಯಿಯನ್ನೂ ಹೇರ್‌ಪಿನ್ನಿನಿಂದ ಎಬ್ಬಿಸಿ ತೆಗೆದೆ. ಅಂಟು ತಾಗದಂತೆ ಬೆಣ್ಣೆಕಾಗದದ ಬಿಲ್ಲೆ ಕತ್ತರಿಸಿಟ್ಟೆ. ಅದರ ಮೇಲೆ ಡೈಮು, ಡೈಮಿನ ಮೇಲೆ ಪಾರದರ್ಶಕ ಟೇಪು. ಹೀಗೆ ನನ್ನ ಅತ್ಯುತ್ತಮ ಹನ್ನೆರಡು ಡೈಮುಗಳು ಸಿಂಗಾರಗೊಂಡವು. ಹಿಂಬದಿಯ ಮೂಲೆಯಲ್ಲಿ ಪೆನ್ಸಿಲ್ಲಿನಿಂದ ಸಂಖ್ಯೆ ಬರೆದೆ, ಅಪರೂಪದ್ದಕ್ಕೆ 82-1. ಪೆನ್ನಿನ ಮಸಿ ನಾಣ್ಯಕ್ಕೆ ಒಳ್ಳೆಯದಲ್ಲ, ನೋಡಿ! ಇಷ್ಟಾದ ಮೇಲೆ ಅವನ್ನು ಮನೆಯಲ್ಲೇ ಅತ್ಯಂತ ಒಣಗಿದ, ಕತ್ತಲೆಯ, ಸುಭದ್ರವಾದ ಜಾಗದಲ್ಲಿಟ್ಟೆ. ಅಂದರೆ ಬೀರುವಿನಲ್ಲಿ, ಅಮ್ಮನ ರೇಷ್ಮೆ ಸೀರೆಗಳ ಕೆಳಗೆ. ರಹಸ್ಯ ಕಾಪಾಡುವ ದೃಷ್ಟಿಯಿಂದ ಅಮ್ಮನಿಗೆ ಹೇಳಲಿಲ್ಲ.

ರೇಷ್ಮೆ ಸೀರೆಯನ್ನು ಅಮ್ಮ ಯಾವಾಗ ತೆಗೆಯುತ್ತಾರೆ ಎಂದು ಯೋಚಿಸುವಷ್ಟು ಬುದ್ಧಿ ಆ ದಿನ ರಜೆಯಲ್ಲಿತ್ತು.

ಮುಂದಿನ ಎಂಟು ದಿನ ನಾನು ನೆಲದ ಮೇಲೆ ನಡೆಯಲಿಲ್ಲ. "ಪಿ ಅಕ್ಷರವಿಲ್ಲದ 1982ರ ಡೈಮ್. ಸಂಗ್ರಹ: ಗಿರಿಜಾ, ದಾವಣಗೆರೆ" ಎಂದು ಕಾರ್ಡು ಅಚ್ಚು ಹಾಕಿಸಿದೆ. ಲ್ಯಾಮಿನೇಷನ್ನೂ ಮಾಡಿಸಿದೆ. ಪ್ರದರ್ಶನಕ್ಕೆ ಬರುವಂತೆ ವಾಟ್ಸಾಪಿನಲ್ಲಿ ಆಹ್ವಾನಿಸಿದ್ದು 61 ಜನರನ್ನು. ಹೆಬ್ಬೆರಳು ತೋರಿಸಿದವರು 40. "ಡೈಮು ಅಂದರೇನು?" ಎಂದು ಕೇಳಿದವರು 21. ರಕ್ತ ಕೊಡಲು ಬಂದವರಿಗೂ ಸೂಜಿ ಚುಚ್ಚುವಾಗ ಇದೇ ಕಥೆ ಹೇಳಿದೆ. ನೋವು ಗೊತ್ತಾಗಲಿಲ್ಲವೆಂದು ಇಬ್ಬರು ಹೊಗಳಿದರು.

ಫೆಬ್ರುವರಿ 20, ಗುರುವಾರ, ಸಂಜೆ ಆರು ಗಂಟೆ ಐದು ನಿಮಿಷ. ಕೆಲಸದಿಂದ ಬಂದೆ. ಅಮ್ಮ ರೇಷ್ಮೆ ಸೀರೆಯಲ್ಲೇ ಸೋಫಾದ ಮೇಲೆ ಕಾಲು ಚಾಚಿ ಕೂತಿದ್ದರು. ಹರಿಹರದ ಕಲ್ಯಾಣ ಮಂಟಪದಲ್ಲಿ ಅವರ ಬಾಲ್ಯದ ಗೆಳತಿ ಶಾಂತಮ್ಮನ ಮಗನ ಮದುವೆ ಮುಗಿಸಿ ಬಂದಿದ್ದರು.

"ಊಟ ಭಾರಿ ಚೆನ್ನಾಗಿತ್ತು ಕಣೆ. ಅಂದಹಾಗೆ ನೀನು ಒಳ್ಳೆ ಕೆಲಸ ಮಾಡಿದ್ದೆ ನೋಡು. ಹೊರಡೋ ಹೊತ್ತಿಗೆ ಕವರಿಲ್ಲ, ಏನ್ಮಾಡ್ಲಿ ಅಂತ ಸೀರೆ ತೆಗೀತೀನಿ, ಕೆಳಗೆ ಹನ್ನೆರಡು ಕವರು! ಮನೆ ಬಗ್ಗೆ ನಿಂಗೂ ಜವಾಬ್ದಾರಿ ಬಂತಲ್ಲ ಅಂತ ಖುಷಿಯಾತು."

ಬೀರುವಿಗೆ ಓಡಿದೆ. ಎಣಿಸಿದೆ. ಹನ್ನೊಂದು. ಮತ್ತೆ ಎಣಿಸಿದೆ. ಹನ್ನೊಂದು. ಈ ಸಲ ಬಹುಮತದ ಅಗತ್ಯ ಬೀಳಲಿಲ್ಲ. ಹಿಂಬದಿಯ ಸಂಖ್ಯೆಗಳನ್ನು ನೋಡಿದೆ. ಎಲ್ಲ ಇವೆ. 82-1 ಇಲ್ಲ.

"ಅಮ್ಮಾ, ಕವರಿನ ಹಿಂದೆ ಪೆನ್ಸಿಲ್ಲಿನಲ್ಲಿ ಬರೆದಿತ್ತಲ್ಲ!"

"ಇತ್ತು. ಯಾರೋ ಗೀಚಿದ ಕವರು ಮದುವೆಗೆ ಕೊಟ್ರೆ ಚಂದ ಇರುತ್ತಾ? ರಬ್ಬರ್ ಹಚ್ಚಿ ಅಳಿಸಿದೆ."

"ಮೇಲಿದ್ದದ್ದು ರೂಪಾಯಿ ಅಲ್ಲಮ್ಮ! ಸಣ್ಣ ನಾಣ್ಯ ಅಂತ ಗೊತ್ತಾಗಲಿಲ್ವಾ?"

"ಸಣ್ಣದು ಅನ್ನಿಸ್ತು. ಸೋಪು ಸಣ್ಣ ಆಗೈತೆ, ಬಿಸ್ಕತ್ತು ಸಣ್ಣ ಆಗೈತೆ, ರೂಪಾಯಿನೂ ಸಣ್ಣ ಮಾಡಿರ್ತಾರೆ ಅಂದ್ಕೊಂಡೆ."

ಈ ತರ್ಕಕ್ಕೆ ಉತ್ತರವಾಗಿ ನನ್ನ ಬಳಿ ಬರೀ ಅಳು ಇತ್ತು. ಅದನ್ನೇ ಕೊಟ್ಟೆ. ವಿಷಯ ತಿಳಿದು ಅಮ್ಮನಿಗೂ ಬೇಜಾರಾಯಿತು. ಆದರೆ ಶಾಂತಮ್ಮನಿಗೆ ಫೋನು ಮಾಡಿ ಕೇಳೋಣವೆಂದಾಗ ಮಾತ್ರ ಎದ್ದು ನಿಂತರು.

"ಕೊಟ್ಟ ಮುಯ್ಯಿ ವಾಪಸ್ ಕೇಳೋದಾ? ನಮ್ಮ ವಂಶದಾಗ ಅಂಥದ್ದು ನಡೆದಿಲ್ಲ. ಬೇಕಾದ್ರೆ ಹೋಗಿ ಮದುಮಗಳನ್ನ ಮಾತಾಡಿಸ್ಕೊಂಡು ಬಾ, ಮದುವೆಗೆ ಬರೋಕಾಗಲಿಲ್ಲ ಅಂತ ಹೇಳು. ಬಾಯಿ ತಪ್ಪಿಯೂ ನಾಣ್ಯದ ಮಾತು ಎತ್ತಬ್ಯಾಡ!"

ಹೀಗಾಗಿ ಫೆಬ್ರುವರಿ 21, ಶುಕ್ರವಾರ, ರಜೆ ಹಾಕಿ ಹರಿಹರಕ್ಕೆ ಒಂದು ಬಸ್ಸು, ಅಲ್ಲಿಂದ ಶಾಂತಮ್ಮನ ಊರು ಭಾನುವಳ್ಳಿಗೆ ಇನ್ನೊಂದು ಬಸ್ಸು ಹಿಡಿದೆ. ಪರ್ಸಿನಲ್ಲಿ ಐದು ಒಂದು ರೂಪಾಯಿ ನಾಣ್ಯಗಳು. ಯಾರೂ ನೋಡದಾಗ ರೂಪಾಯಿ ಇಟ್ಟು ಡೈಮು ಎತ್ತಿಕೊಳ್ಳುವುದು ನನ್ನ ಯೋಜನೆ. ಪಂಚಾಂಗ, ಮದುವೆಮನೆ, ಶುಕ್ರವಾರ ಇವೆಲ್ಲ ಸೇರಿದರೆ ಏನಾಗುತ್ತದೆ ಎಂಬುದು ಯೋಜನೆಯಲ್ಲಿರಲಿಲ್ಲ.

ಮನೆ ತುಂಬ ಹೆಂಗಸರು! ಹೊಸ ಸೊಸೆ ಬಂದ ಮೊದಲ ಶುಕ್ರವಾರ, ಮುತ್ತೈದೆಯರಿಗೆ ಉಡಿ ತುಂಬುವ ಕಾರ್ಯಕ್ರಮ. ಪಡಸಾಲೆಯ ನಡುವೆ ಮದುಮಗನ ಅಜ್ಜಿ ಹಾಲಮ್ಮ ಕಾಲು ಚಾಚಿ ಕೂತಿದ್ದಾರೆ. ಮುಂದೆ ಒಂದು ಹಿತ್ತಾಳೆ ಬೋಗುಣಿ. ಪಕ್ಕದಲ್ಲಿ, ನಾಣ್ಯ ಕಿತ್ತ ಮುಯ್ಯಿ ಕವರುಗಳ ರಾಶಿ.

"ಯಾರು, ದಾವಣಗೆರೆ ಪಾರ್ವತಿ ಮಗಳೇನು? ಬಾ ತಾಯಿ, ಕೂಡು. ಈ ಅಂಗಡಿಯೋರು ನೋಡು, ಅಂಟು ಹಚ್ಚಿ ಹಚ್ಚಿ ಲಕ್ಷ್ಮೀನ ಹೊಲಸು ಮಾಡಿಟ್ಟಾರ. ಉಡಿಗೆ ಹಾಕೋ ನಾಣ್ಯ ಮಡಿಯಿಂದ ಇರಬೇಕಲ್ಲ? ಅದಕ್ಕ ಬೆಳಗಾಗಿಂದ ತಿಕ್ಕಾಕತ್ತೀನಿ."

ಬೋಗುಣಿಯಲ್ಲಿ ಹುಣಸೆಹಣ್ಣಿನ ನೀರು. ನೀರಿನಲ್ಲಿ ನಾಣ್ಯಗಳು. ಅಜ್ಜಿಯ ಬಲಗೈಯಲ್ಲಿ ತೆಂಗಿನ ನಾರು. ಎಡಗೈ ಹೆಬ್ಬೆರಳು ತೋರುಬೆರಳಿನ ನಡುವೆ ನನ್ನ ಡೈಮು! ಎಪ್ಪತ್ತಕ್ಕೆ ಅರವತ್ತಾರು!

"ಅಯ್ಯೋ ಅಜ್ಜೀ!" ಎಂದುಬಿಟ್ಟೆ.

"ಏನಾತವ್ವಾ?"

"ಏನಿಲ್ಲ... ನಿಮ್ಮ ಕೈ ನೋಯಲ್ವಾ?"

"ಎಂಬತ್ತು ವರ್ಷದಿಂದ ತಿಕ್ಕಿದ ಕೈ ಇದು. ಇದೊಂದು ನೋಡು, ಎಷ್ಟು ಸಣ್ಣ ಆಗೈತೆ. ಯಾವ ಪುಣ್ಯಾತ್ಗಿತ್ತಿ ದಿನಾ ತಿಕ್ಕಿ ಸವೆಸ್ಯಾಳೋ!" ಎಂದು ಇನ್ನೆರಡು ಸಲ ಉಜ್ಜಿ, ತೊಳೆದು, ಸೆರಗಿನಿಂದ ಒರೆಸಿ, ಡೈಮನ್ನು ಹರಿವಾಣದಲ್ಲಿದ್ದ ನಾಣ್ಯಗಳ ಜೊತೆ ಹಾಕಿದರು.

ಕೊಟ್ರೇಶಪ್ಪನವರ ಮೂರನೇ ನಿಯಮ ನನ್ನ ಕಣ್ಣೆದುರೇ ಹುಣಸೆಹಣ್ಣಿನಲ್ಲಿ ಕರಗಿತು. ಆದರೂ ಎದೆ ಗಟ್ಟಿ ಮಾಡಿಕೊಂಡೆ. ಅಂಕ ಹೋದರೆ ಹೋಗಲಿ, ಅಪರೂಪ ಹೋಗುವುದಿಲ್ಲವಲ್ಲ! ಅಚ್ಚಿನಲ್ಲೇ ಇಲ್ಲದ ಪಿ ಹುಣಸೆಹಣ್ಣಿನಿಂದ ಹುಟ್ಟುತ್ತದೆಯೇ? ಗಾಜಿನ ಪೆಟ್ಟಿಗೆ ಇನ್ನೂ ನನ್ನದೇ.

ಕದಿಯುವ ಅವಕಾಶ ಮಾತ್ರ ಸಿಗಲಿಲ್ಲ. ಹರಿವಾಣದ ಸುತ್ತ ಹದಿನಾಲ್ಕು ಹೆಂಗಸರು, ಇಪ್ಪತ್ತೆಂಟು ಕಣ್ಣು. ಊಟಕ್ಕೆ ಕೂರಿಸಿದರು. ಹೋಳಿಗೆ ನಾಲ್ಕು, ಮೂರನ್ನು ಒತ್ತಾಯಕ್ಕೆ, ಒಂದನ್ನು ಚಿಂತೆಗೆ ತಿಂದೆ. ಹೊರಡುವಾಗ ಅಜ್ಜಿ ಕುಂಕುಮ ಹಚ್ಚಿ, ಎಲೆ ಅಡಿಕೆ, ಬ್ಲೌಸ್ ಪೀಸು ಕೊಟ್ಟು, ಅದರ ಮೇಲಿಡಲು ಹರಿವಾಣದಿಂದ ಒಂದು ನಾಣ್ಯ ಎತ್ತಿದರು. ರೂಪಾಯಿ! ಡೈಮು ಅದರ ಪಕ್ಕದಲ್ಲೇ ನಗುತ್ತ ಮಲಗಿತ್ತು.

ಈಗ ಇಲ್ಲದಿದ್ದರೆ ಇನ್ನೆಂದೂ ಇಲ್ಲ. "ಅಜ್ಜಿ, ನನಗೆ ದೊಡ್ಡದು ಬೇಡ. ಆ ಸಣ್ಣದೇ ಸಾಕು" ಎಂದೆ.

ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಅವರ ಕಣ್ಣಲ್ಲಿ ನೀರು!

"ಕೇಳಿದ್ರೇನ್ರೇ? ದೊಡ್ಡದು ಕೊಟ್ರೆ ಸಣ್ಣದು ಸಾಕು ಅಂತೈತೆ ಹುಡುಗಿ! ಈಗಿನ ಕಾಲದಾಗ ಇಂಥ ಗುಣ ಎಲ್ಲೈತೆ? ಹದಡಿ ಊರಾಗಿರೋ ನಮ್ಮ ತಂಗಿ ಮೊಮ್ಮಗ ಅದಾನ, ಹೈಸ್ಕೂಲ್ ಮೇಷ್ಟ್ರು. ಶಾಂತೂ, ಪಾರ್ವತಿಗೆ ಈಗಲೇ ಫೋನ್ ಹಚ್ಚು!"

ಭಾನುವಳ್ಳಿಗೆ ಒಂದು ಡೈಮು ತರಲು ಹೋದವಳು ಡೈಮಿನ ಜೊತೆ ಒಂದು ಗಂಡು ತಂದೆ.

ಬಸ್ಸಿನಲ್ಲಿ ಅಂಗೈ ಬಿಚ್ಚಿ ಒಂದೇ ಸಲ ನೋಡಿದೆ. ಹೊಸ ಸ್ಟೀಲ್ ಲೋಟದಂತೆ ಫಳಫಳ ಎನ್ನುತ್ತಿತ್ತು. ಆ ಸುಂದರ ಕಂದು ಛಾಯೆ ಮಾಯವಾಗಿತ್ತು. ನೋಡಲಾರದೆ ಕರವಸ್ತ್ರದಲ್ಲಿ ಸುತ್ತಿ ಗಂಟು ಹಾಕಿದೆ. ಭಾನುವಾರದವರೆಗೆ ಬಿಚ್ಚಲಿಲ್ಲ. ರೋಗಿಯ ಮುಖ ನೋಡಲಾರದ ನೆಂಟರು ಇರುತ್ತಾರಲ್ಲ, ಹಾಗೆ.

ಮನೆಗೆ ಬರುವಷ್ಟರಲ್ಲಿ ಅಮ್ಮ ಭಾನುವಾರ ಹೆಣ್ಣು ನೋಡಲು ಬರಲು ಹೇಳಿಯಾಗಿತ್ತು. ಭಾನುವಾರ ಪ್ರದರ್ಶನವಿದೆ, ಜೀವ ಹೋದರೂ ತಪ್ಪಿಸುವುದಿಲ್ಲ ಎಂದೆ. ಅಮ್ಮ ಅರ್ಧ ಗಂಟೆ ಫೋನಿನಲ್ಲಿ ಮಾತಾಡಿ, "ಹಂಗಾದ್ರೆ ಅವರು ಹಾಲಿಗೇ ಬರ್ತಾರಂತೆ. ಹುಡುಗಿ ಹೆಸರು ಗಾಜಿನ ಪೆಟ್ಟಿಗೆ ಮೇಲೆ ಇರುತ್ತೆ ಅಂತ ಹೇಳೀನಿ. ಭಾರಿ ಖುಷಿಪಟ್ರು" ಎಂದರು.

ಫೆಬ್ರುವರಿ 23, ಭಾನುವಾರ, ಬೆಳಗ್ಗೆ ಒಂಬತ್ತು ಗಂಟೆ. ಹಾಲಿನಲ್ಲಿ ಏಳು ಗಾಜಿನ ಪೆಟ್ಟಿಗೆ ತುಂಬಿದ್ದವು. ಎಂಟನೆಯದು ಖಾಲಿ. ಕಾರ್ಡು ಇಟ್ಟೆ. ನಕ್ಕಿದ್ದ ಆರೂ ಜನ ಬಂದು ಬಗ್ಗಿ, ಕನ್ನಡಕ ಸರಿಮಾಡಿಕೊಂಡು, ಓದಿದರು! ನನ್ನ ಬದುಕಿನ ಆ ನಾಲ್ಕು ನಿಮಿಷಗಳನ್ನು ಯಾರೂ ಕಸಿಯಲಾರರು. ಅಷ್ಟರಲ್ಲಿ ಅಮ್ಮ, ನಾಗರಾಜ ಮಾವ, ಹಾಲಮ್ಮಜ್ಜಿ, ಹದಡಿಯ ಮೇಷ್ಟ್ರು ಎಲ್ಲ ಬಂದು ಸಾಲಾಗಿ ನಿಂತರು. ಕೊಟ್ರೇಶಪ್ಪನವರು ಗಂಟು ಬಿಚ್ಚಿದರು. ವರ್ನಿಯರ್ ಹಿಡಿದರು.

"ಹದಿನೇಳು ಪಾಯಿಂಟ್ ಒಂಬತ್ತು." ಮುಖ ಗಂಟಾಯಿತು. "ತೊಳೆದೀರೇನು?"

"ಅದೊಂದು ದೊಡ್ಡ ಕಥೆ ಸರ್. ಆದರೆ ಪಿ ನೋಡಿ. ಪಿ ಇಲ್ಲ!"

ಅವರು ಭೂತಗನ್ನಡಿ ಇಟ್ಟು ನೋಡಿದರು. ಕಿಟಕಿಯ ಬೆಳಕಿಗೆ ಹೋಗಿ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, ಸಾವಿನ ಸುದ್ದಿ ಹೇಳುವವರಂತೆ, ಮೆಲ್ಲಗೆ ಹೇಳಿದರು.

"ಪಿ ಐತಲ್ಲವ್ವಾ."

"ಎಲ್ಲಿ?"

"ಇರಬೇಕಾದ ಕಡೆನೇ ಐತೆ."

ನೋಡಿದೆ. ಇತ್ತು. ಸ್ಪಷ್ಟವಾಗಿ, ದಿಟ್ಟವಾಗಿ, ಫಿಲಡೆಲ್ಫಿಯಾದ ಪಿ! ನನ್ನ ಕಂದು ಛಾಯೆ ಇದ್ದ ಜಾಗದಲ್ಲೇ!

"ಅಯ್ಯೋ, ಆ ಕಪ್ಪು ಕಲೆ ಬಗ್ಗೆ ಹೇಳ್ತೀರೇನು?" ಎಂದು ಹಾಲಮ್ಮಜ್ಜಿ ಮುಂದೆ ಬಂದರು. "ಹುಣಸೆಹಣ್ಣಿಗೂ ಬಗ್ಗಲಿಲ್ಲ ನೋಡ್ರಿ ಅದು. ಉಗುರಿನಿಂದ ಕೆರೆದೆ. ಒಳಗೊಂದು ಅಕ್ಷರ ಇತ್ತು."

ಮಾವ ಕಿಟಕಿಯ ಕಡೆ ನೋಡುತ್ತ ತಲೆ ಕೆರೆದುಕೊಂಡರು. "ಗಿರ್ಜಿ, ಒಲೆ ಪಕ್ಕ ಇಟ್ಟಿದ್ದೆ ಅಂದಿದ್ನಲ್ಲ... ಸಕ್ಕರೆ ಕಾಯಿಸಿ ಕ್ಯಾರಮೆಲ್ ಪಾಕ ಮಾಡೋ ಒಲೆ ಅದು. ಸಿಡಿದಿರಬೇಕು."

ಅಂದರೆ ಹತ್ತು ದಿನ ನಾನು ಎಪ್ಪತ್ತಕ್ಕೆ ಅರವತ್ತಾರು ಕೊಟ್ಟು ಕಾಪಾಡಿದ್ದು ಒಂದು ತೊಟ್ಟು ಸಕ್ಕರೆ ಪಾಕವನ್ನು! ತೊಳೆಯಬಾರದೆಂಬ ನಿಯಮವನ್ನು ಅಷ್ಟು ಶ್ರದ್ಧೆಯಿಂದ ಪಾಲಿಸದೆ ಇದ್ದಿದ್ದರೆ ಮೊದಲ ದಿನವೇ ಸತ್ಯ ಗೊತ್ತಾಗುತ್ತಿತ್ತು. ಪಿ ಇರುವುದರಿಂದ ಅದು ಅಪರೂಪದ್ದಲ್ಲ. ತೊಳೆದಿರುವುದರಿಂದ ಅದಕ್ಕೆ ಅಂಕವೂ ಇಲ್ಲ. 437 ನಾಣ್ಯಗಳಲ್ಲಿ ಎರಡೂ ಕಡೆಯಿಂದ ಕೆಟ್ಟದ್ದು ಅದೊಂದೇ. ಆ ಲೆಕ್ಕದಲ್ಲಿ ಅಪರೂಪವೇ!

ಹದಡಿಯ ಮೇಷ್ಟ್ರು ವಿನಯದಿಂದ ಒಂದೇ ಪ್ರಶ್ನೆ ಕೇಳಿದರು. "ನೀವು ರಕ್ತ ಪರೀಕ್ಷೆಯನ್ನೂ ಹಿಂಗೇ ಮಾಡ್ತೀರೇನ್ರಿ?"

ಇಡೀ ಹಾಲು ನಕ್ಕಿತು. ಎಣಿಸಲಿಲ್ಲ.

ಕೊಟ್ರೇಶಪ್ಪನವರು ಅಜ್ಜಿಗೆ ಕೈ ಮುಗಿದರು. "ತಾಯಿ, ಇವ್ರು ಗಾಜು ಹಿಡಿದು ಹತ್ತು ದಿನ ಕಾಣದ್ದನ್ನ ನೀವು ಉಗುರಿನಾಗ ಕಂಡ್ರಿ. ಭಾನುವಾರ ನಮ್ಮ ಜಗಲಿಗೆ ಬರ್ರಿ. ಎಂಟನೇ ಸದಸ್ಯರು ನೀವೇ."

"ಬರ್ತೀನಿ" ಎಂದರು ಅಜ್ಜಿ. "ಆದ್ರೆ ನಿಮ್ಮ ಪೆಟ್ಟಿಗೆಯಾಗಿನ ನಾಣ್ಯ ಎಲ್ಲ ಎಷ್ಟು ಮಾಸಿ ಕುಂತಾವೆ! ಒಂದೀಟು ಹುಣಸೆಹಣ್ಣು ತರ್ತೀನಿ ತಡೀರಿ."

ಏಳೂ ಜನ ಸಂಗ್ರಾಹಕರು ಒಟ್ಟಿಗೇ ಪೆಟ್ಟಿಗೆಗಳಿಗೆ ಅಡ್ಡ ನಿಂತರು.

ನನ್ನ ಡೈಮನ್ನು ಪೆಟ್ಟಿಗೆಯಲ್ಲಿಡಲಿಲ್ಲ. ಆದರೆ ಕಾರ್ಡು ತೆಗೆಯುವುದನ್ನು ಗಡಿಬಿಡಿಯಲ್ಲಿ ಎಲ್ಲರೂ ಮರೆತರು. ಸಂಜೆಯವರೆಗೂ ಎಂಟನೇ ಗಾಜಿನ ಪೆಟ್ಟಿಗೆಯಲ್ಲಿ "ಪಿ ಅಕ್ಷರವಿಲ್ಲದ 1982ರ ಡೈಮ್" ಎಂಬ ಬರಹ ಒಂಟಿಯಾಗಿ ಹೊಳೆಯುತ್ತಿತ್ತು. ನೋಡಲು ಬಂದ ಜನ ಬಗ್ಗಿ ಹುಡುಕಿದರು. ಬಹಳ ಸಣ್ಣದಿರಬೇಕು ಎಂದು ಭೂತಗನ್ನಡಿ ಕೇಳಿ ಪಡೆದವರು ಐದು. "ಹಾಂ, ಕಂಡಿತು!" ಎಂದವರು ಇಬ್ಬರು.

ಡೈರಿಯ ಕೊನೆಯ ಲೆಕ್ಕ: ಡೈಮುಗಳು 437. ಅಪರೂಪದವು, ಸೊನ್ನೆ. ಹೋಳಿಗೆ 4. ಹದಡಿಯಿಂದ ಬಂದ ಉತ್ತರ: "ಹುಡುಗಿ ಒಪ್ಪಿಗೆ, ಆದರೆ ರಕ್ತ ಪರೀಕ್ಷೆ ಬೇರೆ ಕಡೆ ಮಾಡಿಸುತ್ತೇವೆ." ಇದನ್ನು ಯಾವ ಕಾಲಮ್ಮಿಗೆ ಸೇರಿಸಬೇಕೋ ಇನ್ನೂ ತೀರ್ಮಾನಿಸಿಲ್ಲ.

ಓದುಗರಲ್ಲಿ ಬಲ್ಲವರು ಇದ್ದೇ ಇರುತ್ತಾರೆ. ನಾಣ್ಯದ ಮೇಲಿನ ಕಂದು ಬಣ್ಣ ವಯಸ್ಸಿನದೋ ಪಾಕದ್ದೋ ಎಂದು ತೊಳೆಯದೆ ತಿಳಿಯುವ ಉಪಾಯ ಯಾರಿಗಾದರೂ ಗೊತ್ತಿದ್ದರೆ ದಯವಿಟ್ಟು ಬರೆದು ತಿಳಿಸಿ. ನೆಕ್ಕಿ ನೋಡಿ ಎಂದು ಮಾವ ಹೇಳಿದ್ದಾರೆ; ಅದರ ಹೊರತಾಗಿ. ಪತ್ರವನ್ನು ಸಾದಾ ಕವರಿನಲ್ಲಿ ಕಳಿಸಿ. ಹಣೆಯ ಮೇಲೆ ನಾಣ್ಯ ಅಂಟಿಸಿದ ಕವರಿನಲ್ಲಿ ಬಂದರೆ, ಅದು ನನ್ನ ಕೈ ಸೇರುವ ಮೊದಲೇ ಅಮ್ಮ ಅದನ್ನು ಯಾವುದಾದರೂ ಮದುವೆಗೆ ಒಯ್ದಿರುತ್ತಾರೆ.